ಚೆಕ್ಕುಬಂದಿಯವರಿಗೆ ತಿಳಿಸುವುದು: ಕನ್ನಡ ನಾಡಿನ ಭೂವ್ಯವಹಾರದಲ್ಲಿ ನೆರೆಯವರ ಅರಿವು ಮತ್ತು ಸಮ್ಮತಿ

ಪ್ರವೇಶ

ನಮ್ಮ ನಾಡಿನ ಯಾವುದೇ ಕ್ರಯಪತ್ರವನ್ನು ತೆರೆದು ನೋಡಿದರೂ ಅದರಲ್ಲಿ 'ಚೆಕ್ಕುಬಂದಿ' ಎಂಬ ವಿವರ ಕಾಣುತ್ತದೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಹೊಲ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಹಳ್ಳ ಎಂದು ನಾಲ್ಕು ದಿಕ್ಕುಗಳನ್ನು ಹೇಳಿದ ಮೇಲೆಯೇ ನಡುವಿನ ಸ್ವತ್ತು ಇಂಥದೆಂದು ಗೊತ್ತಾಗುತ್ತದೆ. ತನ್ನದು ಯಾವುದು ಎಂಬುದನ್ನು ಹೇಳಲು ಮನುಷ್ಯನಿಗೆ ನೆರೆಯವರ ಹೆಸರು ಬೇಕು. ಹಾಗಾದರೆ ಆ ಸ್ವತ್ತನ್ನು ಮಾರುವಾಗ, ಅದರ ಮೇಲೆ ಕಟ್ಟಡ ಎಬ್ಬಿಸುವಾಗ, ಅದರ ಬಳಕೆಯನ್ನೇ ಬದಲಿಸುವಾಗ ಪತ್ರದಲ್ಲಿ ಹೆಸರಿರುವ ಆ ನೆರೆಯವರಿಗೆ ತಿಳಿಸಬೇಕೇ? ತಿಳಿಸಿದರೆ ಸಾಕೇ, ಅವರು ಒಪ್ಪಲೂಬೇಕೇ? ನೆರೆಯವರೆಂದರೆ ಸ್ವತ್ತಿನ ಒಡೆಯರು ಮಾತ್ರವೇ, ಅಲ್ಲಿ ಬಾಳುವವರೆಲ್ಲರೂ ಸೇರುತ್ತಾರೆಯೇ?

ಇಂದು ನಗರ ಯೋಜನೆಯ ಸಂದರ್ಭದಲ್ಲಿ ಕೇಳಿಬರುವ ಈ ಪ್ರಶ್ನೆಗಳು ಆಧುನಿಕ ಕಾನೂನಿನೊಂದಿಗೆ ಹುಟ್ಟಿದವು ಎಂಬುದು ಸಾಮಾನ್ಯ ಗ್ರಹಿಕೆ. ಆದರೆ ಧರ್ಮಶಾಸ್ತ್ರದ ವ್ಯಾಖ್ಯಾನಗಳು, ಶಾಸನಗಳ ರಚನೆ ಮತ್ತು ಗ್ರಾಮೀಣ ಆಚರಣೆಗಳನ್ನು ಒಟ್ಟಿಗಿಟ್ಟು ನೋಡಿದಾಗ ಇವಕ್ಕೆ ದೀರ್ಘವಾದ ಇತಿಹಾಸವಿರುವುದು ಕಂಡುಬರುತ್ತದೆ. ಆ ಇತಿಹಾಸದ ಮುಖ್ಯ ಘಟ್ಟಗಳನ್ನು ಗುರುತಿಸಿ, ನೆರೆಯವರಿಗೆ ತಿಳಿಸುವ ಪದ್ಧತಿಯಲ್ಲಿ ಯಾವುದು ಉಳಿದುಬಂದಿದೆ, ಯಾವುದು ಕೈತಪ್ಪಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅರ್ಥಶಾಸ್ತ್ರದ ಮೂರು ಕೂಗು

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಹಸ್ತಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಿದರು. ರಾಜನೀತಿಯ ಗ್ರಂಥವೆಂದೇ ಹೆಸರಾದ ಈ ಕೃತಿಯ ಮೂರನೆಯ ಅಧಿಕರಣದಲ್ಲಿ ಮನೆ, ಹೊಲ, ಕೆರೆಗಳ ವ್ಯವಹಾರವನ್ನು ಕುರಿತ ನಿಯಮಗಳಿವೆ. ಸ್ವತ್ತನ್ನು ಕೊಳ್ಳುವ ಅವಕಾಶ ಮೊದಲು ಜ್ಞಾತಿಗಳಿಗೆ, ಅನಂತರ ಸಾಮಂತರಿಗೆ, ಆಮೇಲೆ ಸಾಲ ಕೊಟ್ಟ ಧನಿಕರಿಗೆ; ಹೊರಗಿನವರ ಸರದಿ ಅದಾದ ಮೇಲೆ. ಇಲ್ಲಿ 'ಸಾಮಂತ' ಎಂದರೆ ಅಧೀನ ಅರಸನಲ್ಲ, ಎಲ್ಲೆಗೆ ಹೊಂದಿಕೊಂಡಿರುವ ನೆರೆಯವನು ಎಂಬುದನ್ನು ಗಮನಿಸಬೇಕು. ಮನೆಯನ್ನು ಮಾರುವುದಾದರೆ ಆ ಮನೆಯ ಮುಂದೆಯೇ ನಿಂತು, ನೆರೆಯ ನಲವತ್ತು ಕುಟುಂಬಗಳವರ ಸಮಕ್ಷಮದಲ್ಲಿ ಸಾರಬೇಕು. ಹೊಲ, ತೋಟ, ಕೆರೆಗಳಾದರೆ ಅವುಗಳ ಎಲ್ಲೆಯ ಬಳಿ, ಸುತ್ತಣ ಗ್ರಾಮವೃದ್ಧರ ಎದುರಿನಲ್ಲಿ ಸಾರಬೇಕು. ಹೀಗೆ ಮೂರು ಬಾರಿ ಸಾರಿದ ಬಳಿಕವೂ ಯಾರೂ ಅಡ್ಡಿಪಡಿಸದಿದ್ದರೆ ಕೊಳ್ಳುವವನು ಕೊಳ್ಳಬಹುದು.

ಈ ವಿಧಾನದಲ್ಲಿ ಮೂರು ಅಂಶಗಳು ಮುಖ್ಯವಾದುವು. ಒಂದು, ಸಾರುವ ಸ್ಥಳ. ಅದು ಅರಮನೆಯ ಬಾಗಿಲಲ್ಲ, ಸ್ವತ್ತು ಇರುವ ಜಾಗವೇ. ಎರಡು, ಕೇಳುವವರು ಯಾರೆಂಬುದು ನಿರ್ದಿಷ್ಟವಾಗಿದೆ. ಮೂರು, ಅಡ್ಡಿ ಹೇಳಲು ಎಡೆಯಿದೆ. ಒಮ್ಮೆ ಕೂಗಿ ಮುಗಿಸದೆ ಮೂರು ಬಾರಿ ಸಾರುವುದರ ಹುರುಳು ಇದೇ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ಆಕ್ಷೇಪಣೆಗಳನ್ನು ಆಹ್ವಾನಿಸುವ ಪ್ರಕಟಣೆ. ಮನೆ ಕಟ್ಟುವ ವಿಷಯದಲ್ಲೂ ಗ್ರಂಥ ಇದೇ ದೃಷ್ಟಿಯನ್ನು ತಾಳಿದೆ. ಎರಡು ಮನೆಗಳ ನಡುವೆ ಬಿಡಬೇಕಾದ ಜಾಗ, ನೀರು ಹರಿಯುವ ದಾರಿ, ಬಾಗಿಲು ಕಿಟಕಿಗಳಿಂದ ನೆರೆಮನೆಗಾಗುವ ಬಾಧೆ, ಅದಕ್ಕೆ ದಂಡ ಇವನ್ನೆಲ್ಲ ಹೇಳುತ್ತಲೇ, ಮನೆಯೊಡೆಯರು ತಮ್ಮೊಳಗೆ ಕೂಡಿ ಒಪ್ಪಿಕೊಂಡು ಇಷ್ಟಬಂದಂತೆ ಕಟ್ಟಿಸಬಹುದು, ಆದರೆ ಅನಿಷ್ಟವಾದುದನ್ನು ತಡೆಯಬೇಕು ಎಂದೂ ಸೂಚಿಸುತ್ತದೆ. ನಿಯಮದ ಅಳತೆ ಒಂದು ಕಡೆ, ನೆರೆಯವರ ಹೊಂದಾಣಿಕೆ ಇನ್ನೊಂದು ಕಡೆ ಎಂಬ ಈ ತೂಗುವಿಕೆ ಗ್ರಾಮಜೀವನದಲ್ಲಿಯೂ ಕಾಣಸಿಗುತ್ತದೆ.

ವಿಜ್ಞಾನೇಶ್ವರನ ವಿವೇಚನೆ

ಅರ್ಥಶಾಸ್ತ್ರ ಸಾರುವ ವಿಧಾನವನ್ನು ಹೇಳಿದರೆ, ಸಾರುವುದು ಏಕೆಂಬುದನ್ನು ವಿಚಾರಕ್ಕೆ ಒಳಪಡಿಸಿದವನು ಕನ್ನಡ ನೆಲದ ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿದ್ದ ಈತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರಾ' ವ್ಯಾಖ್ಯಾನ ಭಾರತದ ಬಹುಭಾಗದಲ್ಲಿ ಪ್ರಮಾಣವೆನಿಸಿತು. 1810ರಲ್ಲಿ ಕೋಲ್‌ಬ್ರೂಕ್ ಇದರ ದಾಯವಿಭಾಗವನ್ನು ಇಂಗ್ಲಿಷಿಗೆ ತಂದ ಬಳಿಕ ಬ್ರಿಟಿಷ್ ನ್ಯಾಯಾಲಯಗಳಲ್ಲಿಯೂ ಅದು ಆಕರಗ್ರಂಥವಾಯಿತು.

ದಾಯವಿಭಾಗದ ಆರಂಭದಲ್ಲಿಯೇ ವಿಜ್ಞಾನೇಶ್ವರ ಒಂದು ಹಳೆಯ ಸ್ಮೃತಿವಾಕ್ಯವನ್ನು ಚರ್ಚೆಗೆ ಎತ್ತಿಕೊಳ್ಳುತ್ತಾನೆ. ಭೂಮಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗಲು ಆರು ಸಂಗತಿಗಳು ಬೇಕೆಂದು ಅದು ಹೇಳುತ್ತದೆ: ಸ್ವಂತ ಗ್ರಾಮ, ಜ್ಞಾತಿಗಳು, ಸಾಮಂತರು, ದಾಯಾದರು ಈ ನಾಲ್ವರ ಅನುಮತಿ, ಜೊತೆಗೆ ಹಿರಣ್ಯ ಮತ್ತು ಉದಕದ ದಾನ. ಮೇಲುನೋಟಕ್ಕೆ ಇದು ನಾಲ್ಕು ಗುಂಪುಗಳಿಗೂ ವ್ಯವಹಾರವನ್ನು ತಡೆಹಿಡಿಯುವ ಅಧಿಕಾರವನ್ನು ಕೊಟ್ಟಂತಿದೆ. ವಿಜ್ಞಾನೇಶ್ವರ ಹಾಗೆ ಅರ್ಥೈಸುವುದಿಲ್ಲ. ಒಂದೊಂದು ಅನುಮತಿಯ ಪ್ರಯೋಜನವನ್ನೂ ಆತ ಬೇರೆಬೇರೆಯಾಗಿ ವಿಂಗಡಿಸುತ್ತಾನೆ. ಗ್ರಾಮದ ಅನುಮತಿ ವ್ಯವಹಾರ ಬಹಿರಂಗವಾಗಲಿ ಎಂಬುದಕ್ಕಾಗಿ. ಅದಿಲ್ಲದಿದ್ದರೆ ವ್ಯವಹಾರವೇ ಸಿದ್ಧಿಸದು ಎಂದಲ್ಲ. ಸಾಮಂತರ ಅನುಮತಿ ಎಲ್ಲೆಯ ಬಗೆಗಿನ ವಿವಾದವನ್ನು ನಿವಾರಿಸುವುದಕ್ಕಾಗಿ. ಜ್ಞಾತಿ ದಾಯಾದರ ಅನುಮತಿ, ಪಾಲಾಗಿದೆಯೋ ಇಲ್ಲವೋ ಎಂಬ ಸಂಶಯ ಮುಂದೆ ತಲೆದೋರದಿರಲಿ ಎಂಬುದಕ್ಕಾಗಿ.

ಅನುಮತಿ ಎಂಬ ಒಂದೇ ಪದದೊಳಗೆ ಅಡಗಿದ್ದ ಎರಡು ಬೇರೆಬೇರೆ ಸಂಗತಿಗಳನ್ನು, ತಿಳಿವಳಿಕೆ ಮತ್ತು ಒಪ್ಪಿಗೆಗಳನ್ನು, ಆತ ಹೀಗೆ ಬಿಡಿಸಿ ತೋರಿಸಿದ್ದಾನೆ. ನೆರೆಯವನು ಒಡೆಯನಲ್ಲ, ಆದುದರಿಂದ ಮಾರಬೇಡವೆನ್ನುವ ಹಕ್ಕು ಅವನಿಗಿಲ್ಲ. ಆದರೆ ನಾಳೆ ಎಲ್ಲೆಯ ಪ್ರಶ್ನೆ ಬಂದಾಗ ಬಾಧೆಗೆ ಒಳಗಾಗುವವನೂ ಸಾಕ್ಷಿ ನುಡಿಯುವವನೂ ಅವನೇ. ಆದುದರಿಂದ ಅವನಿಗೆ ತಿಳಿಯದಂತೆ ನಡೆಸುವುದು ಸಲ್ಲದು. ನೆರೆಯವರಿಗೆ ನೋಟೀಸು ಕೊಡುವ ಇಂದಿನ ಯಾವ ವ್ಯವಸ್ಥೆಯಾದರೂ ನಿಂತಿರುವುದು ಇದೇ ವಿವೇಚನೆಯ ಮೇಲೆ ಎನ್ನಬಹುದು.

ಕಲ್ಲಿನ ಮೇಲಿನ ಪ್ರಕಟಣೆ

ಶಾಸ್ತ್ರದ ಮಾತು ವ್ಯವಹಾರದಲ್ಲಿ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ನಮ್ಮ ದಾನಶಾಸನಗಳು ಆಧಾರ ಒದಗಿಸುತ್ತವೆ. ದಾನ ಕೊಟ್ಟ ಭೂಮಿಯ ಎಲ್ಲೆಗಳನ್ನು ದಿಕ್ಕುದಿಕ್ಕಿಗೆ ಮರ, ಹುತ್ತ, ಬಂಡೆ, ಕೆರೆಯ ಕೋಡಿಗಳ ಗುರುತಿನಿಂದ ವಿವರಿಸುವುದು, ಮಹಾಜನರು, ಗಾವುಂಡರು, ಸೇನಬೋವರ ಸಮಕ್ಷಮವನ್ನು ಹೇಳುವುದು, 'ಧಾರಾಪೂರ್ವಕ' ಎಂಬ ಮಾತಿನಿಂದ ಉದಕದಾನವನ್ನು ದಾಖಲಿಸುವುದು ಇವೆಲ್ಲ ಸರ್ವಪರಿಚಿತ. ಗಂಗರ ತಾಮ್ರಶಾಸನಗಳಲ್ಲಿ ತೊಂಬತ್ತಾರು ಸಾಸಿರ ನಾಡಿನ ಪ್ರಜೆಗಳನ್ನೇ ಸಾಕ್ಷಿಗಳನ್ನಾಗಿ ಹೇಳಿರುವುದುಂಟು. ಇಡೀ ನಾಡಿನ ಜನ ಬಂದು ನಿಂತಿದ್ದರೆಂದು ಇದರ ಅರ್ಥವಲ್ಲ. ಈ ಕೊಡುಗೆ ಗುಟ್ಟಿನದಲ್ಲ ಎಂಬುದರ ಘೋಷಣೆಯದು.

ಕಲ್ಲಿನ ಶಾಸನವಂತೂ ತಾನೇ ಒಂದು ಪ್ರಕಟಣೆ. ಅದನ್ನು ನಿಲ್ಲಿಸಿದ್ದು ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಅಂಚಿನಲ್ಲಿ, ಅಂದರೆ ಸಂಬಂಧಪಟ್ಟವರು ದಿನವೂ ಓಡಾಡುವ ಜಾಗದಲ್ಲಿ. ಓದಬಲ್ಲವರು ಕೆಲವರೇ ಆಗಿದ್ದ ಕಾಲದಲ್ಲಿ ಅಕ್ಷರದ ಮೇಲ್ಭಾಗದಲ್ಲಿ ಕೆತ್ತಿದ ಸೂರ್ಯಚಂದ್ರರು, ಹಸು ಕರು, ಲಿಂಗ ಮುಂತಾದ ಚಿತ್ರಗಳು ಓದುಬಾರದವನಿಗೂ ವಿಷಯ ಮುಟ್ಟಿಸುತ್ತಿದ್ದವು. ದೇವರ ಭೂಮಿಯ ಎಲ್ಲೆಗೆ ನೆಟ್ಟ ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲುಗಳ ಉದ್ದೇಶವೂ ಇದೇ. ತಿಳಿಸುವವನು ತನ್ನ ಕರ್ತವ್ಯ ಮುಗಿಯಿತೆಂದುಕೊಂಡರೆ ಸಾಲದು, ತಿಳಿಯಬೇಕಾದವನಿಗೆ ತಿಳಿಯುವ ರೂಪದಲ್ಲಿ ತಿಳಿಸಬೇಕು ಎಂಬ ಎಚ್ಚರ ಈ ಕಲ್ಲುಗಳಲ್ಲಿದೆ.

ಡಂಗುರ, ಎಲೆ ಅಡಿಕೆ ಮತ್ತು ತಲೆಯ ಮೇಲಿನ ಮಣ್ಣು

ಗ್ರಾಮ ಸಮಾಜದಲ್ಲಿ ತಿಳಿಸುವ ಕೆಲಸಕ್ಕೆ ಎರಡು ದಾರಿಗಳಿದ್ದವು. ಊರಿಗೆಲ್ಲ ಸಂಬಂಧಿಸಿದ ಸಂಗತಿಯಾದರೆ ತಮಟೆ ಬಡಿದು ಡಂಗುರ ಸಾರುವುದು. ನಾಲ್ಕಾರು ಮನೆಗಳಿಗೆ ಸಂಬಂಧಿಸಿದ್ದಾದರೆ ಹಿರಿಯರ ಮುಂದೆ ಎಲೆ ಅಡಿಕೆ ಇಟ್ಟು ಮಾತನಾಡುವುದು. ಮನೆಯ ಪಾಯ ತೋಡುವ ಮುನ್ನ ಪಕ್ಕದವರನ್ನು ಕರೆಯುವುದು ಬರಿಯ ಸೌಜನ್ಯವಲ್ಲ. ಸೂರಿನ ನೀರು ಯಾರ ಕಡೆಗೆ ಬೀಳುತ್ತದೆ, ಬಚ್ಚಲ ನೀರು ಎತ್ತ ಹೋಗುತ್ತದೆ, ಗಾಡಿ ತಿರುಗಲು ಓಣಿಯಲ್ಲಿ ಎಷ್ಟು ಜಾಗ ಉಳಿಯುತ್ತದೆ ಎಂಬುದು ಅಲ್ಲಿಯೇ ಇತ್ಯರ್ಥವಾಗಬೇಕು. ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಒಂದೇ ಗೋಡೆಯನ್ನು ಎರಡು ಮನೆಗಳು ಹಂಚಿಕೊಂಡಿರುವಲ್ಲಿ ಹೊಸ ತೊಲೆ ಊರುವುದಾಗಲಿ ಬೆಳಕಿಂಡಿ ತೆಗೆಯುವುದಾಗಲಿ ಪಕ್ಕದವರಿಗೆ ಹೇಳದೆ ಆಗುವ ಕೆಲಸವೇ ಅಲ್ಲ. ಹೊಲದಲ್ಲಿ ಇದೇ ಪ್ರಶ್ನೆ ಬದುವಿನ ರೂಪ ತಾಳುತ್ತದೆ. ಪ್ರತಿ ಉಳುಮೆಯಲ್ಲೂ ನೇಗಿಲು ಒಂದು ಗೆರೆ ಆಚೆ ಸರಿದರೆ ಕೆಲವು ವರ್ಷಗಳಲ್ಲಿ ಬದು ಕರಗಿ ಹೊಲ ಒತ್ತುವರಿಯಾಗುತ್ತದೆ.

ಹೀಗೆ ಎಲ್ಲೆಯೇ ವಿವಾದವಾದಾಗ ಏನು ಮಾಡುತ್ತಿದ್ದರು? ಯಾಜ್ಞವಲ್ಕ್ಯ ಸ್ಮೃತಿಯ ಸೀಮಾವಿವಾದ ಪ್ರಕರಣದ ಪ್ರಕಾರ, ನೆರೆಯವರು ನಾಲ್ಕು, ಎಂಟು ಅಥವಾ ಹತ್ತು ಮಂದಿ ಕೆಂಪು ಹೂಮಾಲೆ, ಕೆಂಪು ಬಟ್ಟೆ ಧರಿಸಿ, ತಲೆಯ ಮೇಲೆ ಮಣ್ಣು ಹೊತ್ತು ಎಲ್ಲೆಯನ್ನು ನಡೆದು ತೋರಿಸಬೇಕು. ಇದು ಗ್ರಂಥದಲ್ಲೇ ಉಳಿದ ವಿಧಿಯೆಂದು ಭಾವಿಸುವಂತಿಲ್ಲ. ಮೈಸೂರು ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಜೆ. ಎಸ್. ಎಫ್. ಮೆಕೆಂಜಿ 1873ರ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಹೊಲೆಯ ಸಮುದಾಯದ ಹಕ್ಕು ಕರ್ತವ್ಯಗಳನ್ನು ಕುರಿತು ಬರೆದ ಲೇಖನದಲ್ಲಿ ಇದನ್ನೇ ಹೋಲುವ ಆಚರಣೆಯೊಂದನ್ನು ದಾಖಲಿಸಿದ್ದಾನೆ. ಗ್ರಾಮಗಳ ನಡುವೆ ಗಡಿಯ ತಕರಾರು ಬಂದಾಗ ಊರಿನ ಕುಳುವಾಡಿ ಊರ ಮಣ್ಣಿನ ಉಂಡೆಯನ್ನು ತಲೆಯ ಮೇಲೆ ಹೊತ್ತು ಗಡಿಯನ್ನು ನಡೆಯುತ್ತಾನೆ. ಸರಿಯಾದ ಗೆರೆಯಲ್ಲಿ ನಡೆದರೆ ಉಂಡೆಗೆ ಏನೂ ಆಗುವುದಿಲ್ಲ. ತಪ್ಪಿ ಆಚೆ ಹೆಜ್ಜೆಯಿಟ್ಟರೂ ಅದು ತಾನೇ ಒಡೆದುಹೋಗುತ್ತದೆ, ಕುಳುವಾಡಿ ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಎಂಬುದು ಜನರ ನಂಬಿಕೆ.

ಸ್ಮೃತಿಯ ವಿಧಿ ಮತ್ತು ಜನಪದರ ಆಚರಣೆ ಇವೆರಡರಲ್ಲಿ ಯಾವುದು ಯಾವುದರಿಂದ ಬಂತು ಎಂಬ ವಾದಕ್ಕಿಂತ, ಇವುಗಳ ನಡುವಿನ ಒಂದು ವ್ಯತ್ಯಾಸ ಹೆಚ್ಚು ಗಮನಾರ್ಹ. ಸ್ಮೃತಿಯಲ್ಲಿ ಮಣ್ಣು ಹೊರುವವನು ಸಾಮಂತ, ಎಂದರೆ ಎಲ್ಲೆಗೆ ಹೊಂದಿದ ಭೂಮಿಯುಳ್ಳವನು. ಹತ್ತೊಂಬತ್ತನೆಯ ಶತಮಾನದ ಮೈಸೂರಿನಲ್ಲಿ ಮಣ್ಣು ಹೊರುವವನು ಊರಿನ ಅಂಚಿನ ಕೇರಿಯವನು. ಇಡೀ ಊರಿನ ಎಲ್ಲೆಯ ಜ್ಞಾನ ಅವನದು, ಎಲ್ಲೆ ತಪ್ಪಿದರೆ ಸಾಯುವ ಭಯವೂ ಅವನದು. ಆದರೆ ಚೆಕ್ಕುಬಂದಿಯಲ್ಲಿ ಅವನ ಹೆಸರು ಅಪರೂಪ. ಡಂಗುರದ ಮಾತೂ ಹೀಗೆಯೇ. ಹನ್ನೆರಡು ಆಯಗಾರರಲ್ಲಿ ಸೇರಿದ ತೋಟಿ, ತಳವಾರರು ಊರಿಗೆಲ್ಲ ಸುದ್ದಿ ಮುಟ್ಟಿಸುವವರು. ಹಳೆಯ ಮೈಸೂರು ಭಾಗದಲ್ಲಿ ತೋಟಿಯ ಕೆಲಸ ಬಹುಮಟ್ಟಿಗೆ ದಲಿತ ಕುಟುಂಬಗಳ ಪಾಲಿನದಾಗಿತ್ತು. ಎಲ್ಲರಿಗೂ ತಿಳಿಸುವವನು ಅವನು. ಅವನ ಕೇರಿಯ ಪಕ್ಕದ ಭೂಮಿ ಕೈ ಬದಲಾಯಿಸಿದಾಗ ಅವನ ಅನುಮತಿ ಕೇಳುವ ಪ್ರಶ್ನೆ ಮಾತ್ರ ಏಳುತ್ತಿರಲಿಲ್ಲ. ನೆರೆಹೊರೆಯ ಹಳೆಯ ಬಾಂಧವ್ಯವನ್ನು ಕೊಂಡಾಡುವಾಗ ಜಾನಪದ ವಿದ್ವಾಂಸರಾದ ನಾವು ಈ ಮೌನವನ್ನು ಮರೆಯಬಾರದು. 1961ರ ಗ್ರಾಮಾಧಿಕಾರ ರದ್ದಿಯಾತಿ ಅಧಿನಿಯಮದಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ಕೊನೆಗೊಂಡವು. ಹುದ್ದೆ ಹೋದರೂ ಯಾರು ನೆರೆಯವರು ಎಂಬ ಪ್ರಶ್ನೆ ಉಳಿಯಿತು.

ಚಾವಡಿಯಿಂದ ಪತ್ರಿಕೆಗೆ

ಬ್ರಿಟಿಷ್ ಕಾಲದ ಕಾನೂನು ಡಂಗುರವನ್ನು ಕೈಬಿಡಲಿಲ್ಲ, ತನ್ನ ಅಂಗವನ್ನಾಗಿ ಮಾಡಿಕೊಂಡಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದ 54ನೆಯ ನಿಯಮದಂತೆ, ಸ್ಥಿರಸ್ವತ್ತಿನ ಜಪ್ತಿಯನ್ನು ಆ ಸ್ವತ್ತಿನಲ್ಲಿ ಅಥವಾ ಅದರ ಪಕ್ಕದಲ್ಲಿ ಡೋಲು ಬಡಿದು ಅಥವಾ ರೂಢಿಯಲ್ಲಿರುವ ಬೇರೆ ವಿಧಾನದಿಂದ ಸಾರಬೇಕು. ಆದೇಶದ ಪ್ರತಿಯನ್ನು ಎದ್ದುಕಾಣುವ ಕಡೆ ಅಂಟಿಸಬೇಕು. ಸ್ವತ್ತು ಇರುವ ಜಾಗದಲ್ಲೇ ಸಾರಬೇಕೆಂಬ ಹಳೆಯ ತತ್ವ ಇಲ್ಲಿ ಮುಂದುವರಿದಿದೆ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 129ನೆಯ ಪ್ರಕರಣವೂ ಹಕ್ಕು ಬದಲಾವಣೆಯ ವರದಿಯ ಪ್ರತಿಯನ್ನು ಚಾವಡಿಯಲ್ಲಿ ಪ್ರಕಟಿಸಲು, ದಾಖಲೆಗಳಿಂದ ಹಿತಾಸಕ್ತಿಯುಳ್ಳವರೆಂದು ತಿಳಿದುಬರುವವರಿಗೆ ಲಿಖಿತವಾಗಿ ತಿಳಿಸಲು, ಆಕ್ಷೇಪಣೆ ಬಂದರೆ ದಾಖಲಿಸಿ ವಿಚಾರಿಸಲು ಅವಕಾಶ ಮಾಡಿತು. ಸರ್ವೆ ಇಲಾಖೆಯ ಹದ್ದುಬಸ್ತಿನ ಕಾರ್ಯದಲ್ಲಿ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟೀಸು ನೀಡಿ, ಅವರೆದುರು ಬಾಂದು ಕಲ್ಲು ಗುರುತಿಸುವುದನ್ನು ವಿಜ್ಞಾನೇಶ್ವರ ಹೇಳಿದ ಸಾಮಂತಾನುಮತಿಯ ನೇರ ವಾರಸಿಕೆ ಎನ್ನಲು ಅಡ್ಡಿಯಿಲ್ಲ.

ನಗರದಲ್ಲಿ ಪರಿಸ್ಥಿತಿ ಬೇರೆಯಾಯಿತು. ಅಲ್ಲಿ ವಿವಾದ ಎಲ್ಲೆಯದಲ್ಲ, ಬಳಕೆಯದು. ಬಾಂದು ಕಲ್ಲು ಒಂದಂಗುಲವೂ ಕದಲದೆ ಪಕ್ಕದ ಮನೆ ಕಾರ್ಖಾನೆಯಾಗಬಹುದು, ಉದ್ಯಾನ ಕಟ್ಟಡವಾಗಬಹುದು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ಕ್ಕೆ ಮುಂದೆ ಸೇರಿಸಲಾದ 14-ಎ ಪ್ರಕರಣ ಈ ಸನ್ನಿವೇಶಕ್ಕೆ ಸಂಬಂಧಿಸಿದುದು. ಯೋಜನೆಯಲ್ಲಿ ನಿಗದಿಯಾದ ಭೂ ಉಪಯೋಗವನ್ನು ಬದಲಿಸಬೇಕಾದರೆ ಅದು ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು. ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಹದಿನೈದು ದಿನಗಳಿಗೆ ಕಡಿಮೆಯಿಲ್ಲದ ಅವಧಿಯನ್ನು ಕೊಟ್ಟು ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು ಎಂದು ಅದು ವಿಧಿಸಿತು. ಇಲ್ಲಿ ಆಗಿರುವ ಪಲ್ಲಟವನ್ನು ಗುರುತಿಸಬೇಕು. ನೆರೆಯವನ ಸ್ಥಾನಕ್ಕೆ 'ಸಾರ್ವಜನಿಕರು' ಬಂದರು. ಸ್ವತ್ತಿನ ಮುಂದಿನ ಕೂಗಿನ ಸ್ಥಾನಕ್ಕೆ ಪತ್ರಿಕೆಯ ಒಳಪುಟದ ಪ್ರಕಟಣೆ ಬಂತು. ಒಂದು ದೃಷ್ಟಿಯಿಂದ ಇದು ವಿಸ್ತರಣೆ. ಭೂಮಿಯಿಲ್ಲದವನು, ಬಾಡಿಗೆಯವನು, ಬೇರೆ ಬಡಾವಣೆಯವನು ಕೂಡ ಈಗ ಆಕ್ಷೇಪಿಸಬಲ್ಲ. ಇನ್ನೊಂದು ದೃಷ್ಟಿಯಿಂದ ಇದು ಸಂಕೋಚ. ಎಲ್ಲರಿಗೂ ತಿಳಿಸಿದ ಲೆಕ್ಕವಾಗಿ, ಗೋಡೆಯಾಚೆ ವಾಸಿಸುವವನಿಗೆ ತಿಳಿಯದೇ ಹೋಗುವ ಸಂಭವವೂ ಇದೆ.

ತಿಳಿಯದೆ ನಡೆದ ಬದಲಾವಣೆಯ ಪರಿಣಾಮ ಯಾರ ಮೇಲೆ ಎಂಬುದಕ್ಕೆ ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಪ್ರಕರಣ ನಿದರ್ಶನ. ಬೆಂಗಳೂರು ನಗರ ಸುಧಾರಣಾ ಅಧಿನಿಯಮ, 1945ರ ಅಡಿಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಕಾದಿರಿಸಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗಾಗಿ ಒಂದು ಟ್ರಸ್ಟಿಗೆ ಹಂಚಲಾಯಿತು. ಬಡಾವಣೆಯ ನಿವಾಸಿಗಳು ನ್ಯಾಯಾಲಯದ ಮೊರೆಹೊಕ್ಕರು. ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ಹಂಚಿಕೆಯನ್ನು ರದ್ದುಪಡಿಸಿತು. 'ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ. ಎಸ್. ಮುದ್ದಪ್ಪ' ಎಂದು ಪ್ರಸಿದ್ಧವಾದ ಈ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಆ ತೀರ್ಪನ್ನೇ ಎತ್ತಿಹಿಡಿಯಿತು. ನಿವಾಸಿಗಳಿಗೆ ಪ್ರಶ್ನಿಸುವ ಅಧಿಕಾರವಿಲ್ಲವೆಂಬ ವಾದ ನಿಲ್ಲಲಿಲ್ಲ. ಉದ್ಯಾನದ ಜಾಗ ಅವರಲ್ಲಿ ಯಾರ ಸ್ವತ್ತೂ ಆಗಿರಲಿಲ್ಲ. ಆದರೆ ಅದರ ಗಾಳಿ ಬೆಳಕಿನಿಂದ ಬಾಳುವವರು ಅವರು. ಒಡೆತನದಿಂದಲ್ಲ, ಬಾಳುವಿಕೆಯಿಂದ ನೆರೆಯವರಾಗುವುದನ್ನು ನ್ಯಾಯಾಲಯ ಹೀಗೆ ಮಾನ್ಯ ಮಾಡಿತು. ಆದರೂ ಒಂದು ಮಾತು ಉಳಿಯುತ್ತದೆ. ಮೂರು ಕೂಗಿನ ನಡುವೆಯೇ ಆಡಬಹುದಾಗಿದ್ದ ಮಾತನ್ನು ಆಡಲು ನಿವಾಸಿಗಳು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ಮರಳಿ ಬಂದ ಡೋಲು

ಈ ಇತಿಹಾಸದಲ್ಲಿ ಒಂದು ಕುತೂಹಲದ ತಿರುವಿದೆ. ಕೇಂದ್ರ ಸರ್ಕಾರ 2006ರಲ್ಲಿ ಹೊರಡಿಸಿದ ಪರಿಸರ ಪರಿಣಾಮ ನಿರ್ಧಾರಣೆಯ ಅಧಿಸೂಚನೆ ದೊಡ್ಡ ಯೋಜನೆಗಳಿಗೆ ಅನುಮತಿ ನೀಡುವ ಮುನ್ನ ಸಾರ್ವಜನಿಕ ಅಹವಾಲು ಆಲಿಸಬೇಕೆಂದು ವಿಧಿಸಿ, ಅದಕ್ಕೆ ಮೂವತ್ತು ದಿನಗಳಿಗೆ ಕಡಿಮೆಯಿಲ್ಲದ ಮುನ್ಸೂಚನೆಯನ್ನು ನಿಗದಿಗೊಳಿಸಿತು. ಪತ್ರಿಕೆಗಳು ತಲುಪದ ಪ್ರದೇಶಗಳಲ್ಲಿ ಡೋಲು ಬಡಿಯುವುದು, ಆಕಾಶವಾಣಿ, ದೂರದರ್ಶನ ಮುಂತಾದ ಬೇರೆ ಸಾಧನಗಳಿಂದ ಸ್ಥಳೀಯರಿಗೆ ತಿಳಿಸಬೇಕೆಂದು ಅದರ ಅನುಬಂಧ ಹೇಳುತ್ತದೆ. ಇಪ್ಪತ್ತೊಂದನೆಯ ಶತಮಾನದ ಶಾಸನವೊಂದು ಮುದ್ರಿತ ಅಕ್ಷರದ ಮಿತಿಯನ್ನು ಒಪ್ಪಿ ಡಂಗುರದತ್ತ ತಿರುಗಿದುದು ಅರ್ಥಪೂರ್ಣ. ಆದರೆ ಡೋಲಿನ ಸದ್ದು ಮಾತ್ರ ಹಿಂತಿರುಗಿದರೆ ಪ್ರಯೋಜನವಿಲ್ಲ. ಅದನ್ನು ಬಡಿಯುವವನ ಕೇರಿಯೂ ಕೇಳುವವರ ಸಾಲಿನಲ್ಲಿ ಸೇರಿದಾಗ, ಕೇಳಿದವರ ಆಕ್ಷೇಪಣೆ ಕಡತದಲ್ಲಿ ಕುಳಿತುಬಿಡದೆ ಉತ್ತರ ಪಡೆದಾಗ ಮಾತ್ರ ಅದು ಪೂರ್ಣವಾಗುತ್ತದೆ.

ಸಮಾರೋಪ

ನೆರೆಯವರಿಗೆ ತಿಳಿಸುವುದು ಕನ್ನಡ ನಾಡಿನ ಭೂವ್ಯವಹಾರಕ್ಕೆ ಹೊಸದಾಗಿ ಅಂಟಿಸಿದ ಔಪಚಾರಿಕತೆಯಲ್ಲ. ಅದರ ರಚನೆಯಲ್ಲಿಯೇ ಇದ್ದ ಅಂಗ. ತಿಳಿವಳಿಕೆ ಬೇರೆ, ಒಪ್ಪಿಗೆ ಬೇರೆ ಎಂಬ ವಿವೇಚನೆಯನ್ನು ವಿಜ್ಞಾನೇಶ್ವರ ಸ್ಪಷ್ಟವಾಗಿ ಮಾಡಿದ್ದಾನೆ. ಇಂದು ಒಂದು ಪಕ್ಷದವರು ಪ್ರತಿಯೊಂದು ನೋಟೀಸನ್ನೂ ಅಡ್ಡಗಾಲೆಂದು ತಿಳಿಯುವುದು, ಇನ್ನೊಂದು ಪಕ್ಷದವರು ತಮ್ಮ ಒಪ್ಪಿಗೆಯಿಲ್ಲದೆ ಏನೂ ನಡೆಯಕೂಡದೆನ್ನುವುದು ಎರಡೂ ಆ ವಿವೇಚನೆಯನ್ನು ಮರೆತ ಫಲ. ಆದರೆ ಪರಂಪರೆಯಲ್ಲಿ 'ಸಾಮಂತ' ಎಂದರೆ ಭೂಮಿಯುಳ್ಳವನು ಮಾತ್ರ. ಎಲ್ಲೆಯ ಮಣ್ಣನ್ನು ತಲೆಯ ಮೇಲೆ ಹೊತ್ತವನು ಆ ಪದದ ಹೊರಗೇ ಉಳಿದ. ಅವನನ್ನು ಒಳಗೆ ತಂದುದು ಆಧುನಿಕ ಕಾನೂನಿನ ಸಾಧನೆ. ಸ್ವತ್ತಿನ ಮುಂದೆಯೇ, ಕೇಳಬೇಕಾದವರ ಕಿವಿಗೆ ಬೀಳುವಂತೆ, ಮಾತನಾಡಲು ಎಡೆಗೊಟ್ಟು ಸಾರುವುದು ಪರಂಪರೆಯ ಸಾಧನೆ. ಇವೆರಡೂ ಇನ್ನೂ ಒಂದೆಡೆ ಸೇರಿಲ್ಲ.

ಈ ದಿಸೆಯಲ್ಲಿ ಜಾನಪದ ಅಧ್ಯಯನದ ಮುಂದೆಯೂ ಕೆಲಸವಿದೆ. ಡಂಗುರದ ಒಕ್ಕಣೆಗಳು, ಗಡಿ ನಡೆಯುವ ಆಚರಣೆಗಳು, ಮನೆ ಕಟ್ಟುವಾಗಿನ ನೆರೆಹೊರೆಯ ಕಟ್ಟಳೆಗಳು ಪ್ರದೇಶವಾರು ಸಂಗ್ರಹವಾಗಬೇಕು. ಸಂಗ್ರಹಿಸುವಾಗ ಚೆಕ್ಕುಬಂದಿಯಲ್ಲಿ ಹೆಸರಿದ್ದವರನ್ನಷ್ಟೇ ಅಲ್ಲ, ಹೆಸರಿಲ್ಲದವರನ್ನೂ ಕೇಳಬೇಕು. ಎಲ್ಲೆಯ ನೆನಪು ಅವರಲ್ಲಿಯೇ ಹೆಚ್ಚು ಉಳಿದಿರುವ ಸಾಧ್ಯತೆಯಿದೆ.